ವಜ್ರದ ದೋಷವೂ ಶಾಲೆಯ ಧರ್ಮವೂ

ರತ್ನಪರೀಕ್ಷೆಯನ್ನು ಕುರಿತ ನಮ್ಮ ಪ್ರಾಚೀನ ಶಾಸ್ತ್ರಗ್ರಂಥಗಳು ವಜ್ರದ ಗುಣಗಳನ್ನು ಬಣ್ಣಿಸುವುದರೊಡನೆ ಅದರ ದೋಷಗಳನ್ನೂ ಎಣಿಸಿವೆ. ಬಿಂದು, ರೇಖೆ, ಕಾಕಪಾದ ಮೊದಲಾದ ಹೆಸರುಗಳಿಂದ ಅವುಗಳನ್ನು ಗುರುತಿಸುತ್ತಿದ್ದರು. ದೋಷವುಳ್ಳ ವಜ್ರವನ್ನು ಧರಿಸಿದವನಿಗೆ ಕೇಡು ತಪ್ಪದೆಂಬ ನಂಬಿಕೆಯೂ ಇದ್ದಿತು. ಇಂದಿನ ರತ್ನವ್ಯಾಪಾರಿಯೂ ಭೂತಗನ್ನಡಿಯನ್ನು ಹಿಡಿದು ಮೊದಲು ಹುಡುಕುವುದು ಕಲ್ಲಿನೊಳಗಿನ ಕಲೆಯನ್ನೇ. ಹೀಗಿರುವಾಗ, ಈಚಿನ ದಶಕಗಳಲ್ಲಿ ಹಲವು ದೇಶಗಳ ಪ್ರಯೋಗಶಾಲೆಗಳಲ್ಲಿ ಅತ್ಯಂತ ಶುದ್ಧವಾದ ವಜ್ರವನ್ನು ಸಿದ್ಧಪಡಿಸಿ, ಅನಂತರ ಅದರಲ್ಲಿ ಬೇಕೆಂದೇ ದೋಷವನ್ನು ಉಂಟುಮಾಡುತ್ತಿದ್ದಾರೆಂದರೆ ವಾಚಕರಿಗೆ ಆಶ್ಚರ್ಯವಾಗದಿರದು. ಆ ದೋಷಕ್ಕಾಗಿಯೇ ವಜ್ರ, ದೋಷವಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ ಎಂಬ ಸ್ಥಿತಿ ಅಲ್ಲಿ ಒದಗಿದೆ. ಈ ಸಂಗತಿಯಲ್ಲಿ ನಮ್ಮಂತಹ ವಿದ್ಯಾಸಂಸ್ಥೆಗಳಿಗೆ ಒಂದು ಪಾಠವಿದೆಯೆಂದೂ, ಆ ಪಾಠ ಮೇಲ್ನೋಟಕ್ಕೆ ತೋರುವುದಕ್ಕಿಂತ ಕಠಿಣವಾದುದೆಂದೂ ನನ್ನ ಅಭಿಪ್ರಾಯ. ಅದನ್ನು ಈ ಸಂಚಿಕೆಯ ಮೂಲಕ ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದಿಡಲು ಬಯಸುತ್ತೇನೆ.

ಮೊದಲು ವಜ್ರದ ರಚನೆಯನ್ನು ನೋಡೋಣ. ವಜ್ರವು ಇಂಗಾಲವೇ ಹೊರತು ಬೇರೆಯಲ್ಲ. ಒಲೆಯ ಇದ್ದಿಲಿನಲ್ಲಿಯೂ ಸೀಸದಕಡ್ಡಿಯ ಕಪ್ಪಿನಲ್ಲಿಯೂ ಇರುವ ಇಂಗಾಲದ ಪರಮಾಣುಗಳೇ ಇಲ್ಲಿಯೂ ಇವೆ. ಭೇದವಿರುವುದು ಜೋಡಣೆಯಲ್ಲಿ. ವಜ್ರದಲ್ಲಿ ಪ್ರತಿಯೊಂದು ಪರಮಾಣುವೂ ನಾಲ್ಕು ದಿಕ್ಕುಗಳಲ್ಲಿರುವ ನಾಲ್ಕು ನೆರೆಯ ಪರಮಾಣುಗಳೊಡನೆ ಬಲವಾಗಿ ಬಂಧಿತವಾಗಿದೆ. ಈ ಕ್ರಮ ಎಲ್ಲ ಕಡೆಗೂ ಒಂದೇ ತೆರನಾಗಿ ಹಬ್ಬಿ ಒಂದು ಜಾಲಕವಾಗುತ್ತದೆ. ಒಂದು ಕ್ಯಾರಟ್, ಎಂದರೆ 0.2 ಗ್ರಾಂ ತೂಕದ ವಜ್ರದಲ್ಲಿ ಸುಮಾರು ಒಂದರ ಮುಂದೆ 22 ಸೊನ್ನೆಗಳನ್ನು ಬರೆದಷ್ಟು ಪರಮಾಣುಗಳಿರುತ್ತವೆ. ಇಷ್ಟೊಂದು ಪರಮಾಣುಗಳ ಸಾಲಿನಲ್ಲಿ ಎಲ್ಲಿಯೂ ತಪ್ಪಿಲ್ಲದಿರುವುದು ಸಾಧ್ಯವಲ್ಲ. ಎಲ್ಲಿಯೋ ಒಂದು ಪರಮಾಣು ತನ್ನ ಸ್ಥಾನದಲ್ಲಿರುವುದಿಲ್ಲ. ಎಲ್ಲಿಯೋ ಇಂಗಾಲವಿರಬೇಕಾದೆಡೆ ಮತ್ತೊಂದು ಧಾತುವಿನ ಪರಮಾಣು ಸೇರಿಕೊಂಡಿರುತ್ತದೆ. ಇವುಗಳನ್ನೇ ಸ್ಫಟಿಕದೋಷಗಳೆಂದು ವಿಜ್ಞಾನಿಗಳು ಕರೆಯುತ್ತಾರೆ.

ಈ ದೋಷಗಳ ಪೈಕಿ ಇಂದು ಹೆಚ್ಚು ಖ್ಯಾತಿಗೆ ಬಂದಿರುವುದು ಸಾರಜನಕ-ತೆರವು ಕೇಂದ್ರ. ಇದನ್ನು ಸಂಕ್ಷೇಪವಾಗಿ ಎನ್.ವಿ. ಕೇಂದ್ರವೆನ್ನುವರು. ಜಾಲಕದಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಸ್ಥಾನಗಳನ್ನು ಕಲ್ಪಿಸಿಕೊಳ್ಳಿ. ಒಂದರಲ್ಲಿ ಇಂಗಾಲದ ಬದಲು ಸಾರಜನಕದ ಪರಮಾಣು ಕುಳಿತಿದೆ. ಅದರ ನೆರೆಯ ಸ್ಥಾನ ತೆರವಾಗಿದೆ. ಅಲ್ಲಿ ಯಾವ ಪರಮಾಣುವೂ ಇಲ್ಲ. ಈ ಜೋಡಿಯು ಸುತ್ತಲಿನ ಸ್ಫಟಿಕದಿಂದ ಒಂದು ಇಲೆಕ್ಟ್ರಾನನ್ನು ಎರವಲು ಪಡೆದಾಗ ಅದಕ್ಕೆ ವಿಶಿಷ್ಟವಾದ ಗುಣಗಳು ಬರುತ್ತವೆ. ಇದನ್ನು ಕೃತಕವಾಗಿ ಉಂಟುಮಾಡುವ ಕ್ರಮವೂ ತಿಳಿದಿದೆ. ಸ್ವಲ್ಪ ಸಾರಜನಕವಿರುವ ವಜ್ರಕ್ಕೆ ವೇಗವಾದ ಇಲೆಕ್ಟ್ರಾನುಗಳನ್ನು ಹಾಯಿಸಿದರೆ ಕೆಲವು ಇಂಗಾಲದ ಪರಮಾಣುಗಳು ಸ್ಥಾನಪಲ್ಲಟಗೊಂಡು ತೆರವುಗಳಾಗುತ್ತವೆ. ಅನಂತರ ಸುಮಾರು 800 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದಾಗ ಆ ತೆರವುಗಳು ಜಾಲಕದಲ್ಲಿ ಅಲೆಯುತ್ತ ಬಂದು, ಸಾರಜನಕದ ಪರಮಾಣುವಿನ ಮಗ್ಗುಲಲ್ಲಿ ನೆಲೆ ನಿಲ್ಲುತ್ತವೆ.

ಈ ಕೇಂದ್ರದ ಮೇಲೆ ಹಸಿರು ಬೆಳಕನ್ನು ಚೆಲ್ಲಿದರೆ ಅದು ಕೆಂಪು ಬೆಳಕನ್ನು ಸೂಸುತ್ತದೆ. ಅಲ್ಲಿನ ಇಲೆಕ್ಟ್ರಾನುಗಳಿಗೆ ಸ್ಪಿನ್ ಎಂಬ ಕಾಂತಗುಣವಿದೆ. ಅವು ಪರಮಾಣುವಿನಷ್ಟು ಸಣ್ಣದಾದ ಸೂಜಿಗಲ್ಲಿನಂತೆ ವರ್ತಿಸುತ್ತವೆ. ಸ್ಪಿನ್ ಒಂದು ಸ್ಥಿತಿಯಲ್ಲಿದ್ದಾಗ ಕೆಂಪು ಬೆಳಕು ಪ್ರಖರವಾಗಿಯೂ, ಮತ್ತೊಂದು ಸ್ಥಿತಿಯಲ್ಲಿದ್ದಾಗ ಮಂದವಾಗಿಯೂ ಇರುತ್ತದೆ. ಆದುದರಿಂದ ಬೆಳಕನ್ನು ನೋಡಿಯೇ ಸ್ಪಿನ್ನಿನ ಸ್ಥಿತಿಯನ್ನು ಓದಬಹುದು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಅದನ್ನು ತಿರುಗಿಸಲು ಸೆಕೆಂಡಿಗೆ ಸುಮಾರು 287 ಕೋಟಿ ಬಾರಿ ಕಂಪಿಸುವ ಸೂಕ್ಷ್ಮತರಂಗ ಸಾಕು. ಹತ್ತಿರದಲ್ಲಿ ಕಾಂತಕ್ಷೇತ್ರವಿದ್ದರೆ ಈ ಒಂದು ಕಂಪನಸಂಖ್ಯೆ ಎರಡಾಗಿ ಸೀಳುತ್ತದೆ. ಕೇಂದ್ರದ ಅಕ್ಷದ ದಿಕ್ಕಿನಲ್ಲಿ ಒಂದು ಗೌಸ್ ಕಾಂತಕ್ಷೇತ್ರವಿದ್ದರೆ ಪ್ರತಿಯೊಂದೂ ತನ್ನ ಸ್ಥಾನದಿಂದ ಸೆಕೆಂಡಿಗೆ 28 ಲಕ್ಷ ಕಂಪನಗಳಷ್ಟು ಸರಿಯುತ್ತದೆ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರವು ಒಂದು ಗೌಸಿನ ಅರ್ಧಕ್ಕಿಂತ ಕಡಿಮೆಯಾದರೂ, ಈ ದೋಷ ಅದನ್ನು ಸುಲಭವಾಗಿ ಗ್ರಹಿಸುತ್ತದೆ.

ಇಂತಹ ಸೂಕ್ಷ್ಮ ವ್ಯವಹಾರಗಳಿಗೆ ಸಾಮಾನ್ಯವಾಗಿ ಅತಿಶೈತ್ಯವೂ ನಿರ್ವಾತವೂ ಬೇಕಾಗುತ್ತವೆ. ವಜ್ರದ ವಿಶೇಷವೆಂದರೆ, ಅದರಲ್ಲಿ ಇದು ನಾವು ಕುಳಿತಿರುವ ಕೋಣೆಯ ಉಷ್ಣತೆಯಲ್ಲಿಯೇ ನಡೆಯುತ್ತದೆ. ವಜ್ರದ ಜಾಲಕ ಬಹಳ ಬಿಗಿಯಾದುದು. ಶಾಖದಿಂದ ಅದು ಸುಲಭವಾಗಿ ಅಲುಗದು. ಮೇಲಾಗಿ ನೈಸರ್ಗಿಕ ಇಂಗಾಲದಲ್ಲಿ ಶೇಕಡಾ 98.9ರಷ್ಟು ಪರಮಾಣುಗಳ ಬೀಜಕ್ಕೆ ಕಾಂತಗುಣವೇ ಇಲ್ಲ. ಆದಕಾರಣ ದೋಷದ ಸುತ್ತ ಗದ್ದಲವಿರುವುದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ. ಮುಂದೆ ಇದಕ್ಕೆ ಮರಳಿ ಬರುತ್ತೇನೆ.

ಇದರ ಪ್ರಯೋಜನಗಳೇನು? 2008ರಲ್ಲಿ ಅಮೆರಿಕದ ಹಾರ್ವರ್ಡ್ ಮತ್ತು ಜರ್ಮನಿಯ ಸ್ಟುಟ್‌ಗಾರ್ಟಿನ ಸಂಶೋಧಕರು ಒಂದೇ ಒಂದು ದೋಷದಿಂದ ಕಾಂತಕ್ಷೇತ್ರವನ್ನು ಅಳೆಯಬಹುದೆಂದು ತೋರಿಸಿಕೊಟ್ಟರು. 2013ರಲ್ಲಿ ಅತಿಸೂಕ್ಷ್ಮವಾದ ವಜ್ರದ ಕಣಗಳನ್ನು ಜೀವಂತ ಮಾನವಕೋಶದೊಳಗೆ ಸೇರಿಸಿ ಅಲ್ಲಿನ ಉಷ್ಣತೆಯನ್ನು ಅಳೆದರು. 2016ರಲ್ಲಿ ಸಮುದ್ರಹುಳುವೊಂದರ ಒಂದೇ ನರತಂತುವಿನಲ್ಲಿ ಹರಿದ ಸಂಕೇತವನ್ನು, ತಂತುವನ್ನು ಮುಟ್ಟದೆಯೇ, ವಜ್ರದಿಂದ ಗ್ರಹಿಸಿದರು. 2015ರಲ್ಲಿ ನೆದರ್ಲೆಂಡ್ಸ್ ದೇಶದ ಡೆಲ್ಫ್ಟ್ ನಗರದಲ್ಲಿ 1.3 ಕಿಲೋಮೀಟರ್ ಅಂತರದಲ್ಲಿದ್ದ ಎರಡು ವಜ್ರಗಳ ದೋಷಗಳನ್ನು ಕ್ವಾಂಟಮ್ ನಂಟಿನಿಂದ ಬೆಸೆದು, ಪ್ರಕೃತಿಯ ಸ್ವರೂಪವನ್ನು ಕುರಿತ ಹಳೆಯ ವಾದವೊಂದನ್ನು ಪರೀಕ್ಷೆಗೆ ಒಡ್ಡಿದರು. ಕ್ವಾಂಟಮ್ ಗಣಕಯಂತ್ರವನ್ನು ಇದರಿಂದ ಕಟ್ಟುವ ಪ್ರಯತ್ನಗಳೂ ನಡೆದಿವೆ. ಸಾಮಾನ್ಯ ಗಣಕದ ಅಂಕೆ ಸೊನ್ನೆ ಇಲ್ಲವೆ ಒಂದು. ಕ್ವಾಂಟಮ್ ಅಂಕೆಯಾದರೋ ಅಳೆಯುವವರೆಗೆ ಅವೆರಡರ ಸಂಯೋಗಸ್ಥಿತಿಯಲ್ಲಿರಬಲ್ಲುದು. ಆದರೆ ಅತಿಶಯೋಕ್ತಿ ಸಲ್ಲದು. ಅಂಕೆಗಳ ಸಂಖ್ಯೆಯಲ್ಲಿ ಅತಿವಾಹಕಗಳನ್ನೂ ಅಯಾನುಗಳನ್ನೂ ಬಳಸುವ ಯಂತ್ರಗಳೇ ವಜ್ರಕ್ಕಿಂತ ಬಹಳ ಮುಂದಿವೆ. ವಜ್ರದ ದೋಷ ಸದ್ಯಕ್ಕೆ ಒಳ್ಳೆಯ ಅಳತೆಗಾರ. ಒಳ್ಳೆಯ ಲೆಕ್ಕಿಗನಾಗಲು ಇನ್ನೂ ಕಾಲ ಹಿಡಿಯುವುದು.

ಈ ವಿದ್ಯೆ ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸಿದರೆ, ಅದರ ಒಂದು ಬೇರು ನಮ್ಮ ಬೆಂಗಳೂರಿನಲ್ಲಿಯೂ ಇರುವುದು ಕಾಣುತ್ತದೆ. 1940ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರೂ ಅವರ ಶಿಷ್ಯರೂ ವಜ್ರಗಳ ದೀಪ್ತಿಯನ್ನು ಕುರಿತು ದೀರ್ಘವಾದ ಸಂಶೋಧನೆಯನ್ನು ಕೈಗೊಂಡರು. ಆ ಶಿಷ್ಯರಲ್ಲಿ ತಿರುವಾಂಕೂರಿನಿಂದ ಬಂದ ಕುಮಾರಿ ಅನ್ನಾ ಮಣಿ ಒಬ್ಬರು. ಅವರು ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಪರೀಕ್ಷಿಸಿದರು. ದೀಪ್ತಿ ಬಹಳ ಮಂದವಾದುದರಿಂದ ಒಂದೊಂದು ರೋಹಿತವನ್ನು ಛಾಯಾಫಲಕದ ಮೇಲೆ ಮೂಡಿಸಲು ಹದಿನೈದು ಇಪ್ಪತ್ತು ಗಂಟೆಗಳ ಕಾಲ ಕಾಯಬೇಕಾಗುತ್ತಿತ್ತು. ಬೆಂಗಳೂರಿನ ಸಂಶೋಧಕರು ಮುಖ್ಯವಾಗಿ ಗಮನಿಸಿದ ರೇಖೆಗಳು ಎರಡು: 4152 ಆಂಗ್‌ಸ್ಟ್ರಮಿನ ನೀಲಿಯ ಅಂಚಿನ ರೇಖೆ ಒಂದು, 5032 ಆಂಗ್‌ಸ್ಟ್ರಮಿನ ಹಸಿರು ರೇಖೆ ಮತ್ತೊಂದು. ಇವೆರಡೂ ಸಾರಜನಕ ಮತ್ತು ತೆರವುಗಳು ಕೂಡಿದ ದೋಷಗಳಿಂದ ಬರುವುವೆಂದು ಮುಂದೆ ಸಿದ್ಧವಾಯಿತು. ಮೊದಲನೆಯದರಲ್ಲಿ ಒಂದು ತೆರವಿನ ಸುತ್ತ ಮೂರು ಸಾರಜನಕಗಳು, ಎರಡನೆಯದರಲ್ಲಿ ಒಂದು ತೆರವಿನ ಮಗ್ಗುಲಲ್ಲಿ ಎರಡು ಸಾರಜನಕಗಳು ಇವೆ. ಇಂದಿನ ಎನ್.ವಿ. ಕೇಂದ್ರಕ್ಕೆ ಇವು ಒಡಹುಟ್ಟುಗಳೆಂದು ಹೇಳಬಹುದು.

ರಾಮನ್ನರ ವಿವರಣೆ ಮಾತ್ರ ಬೇರೆಯಾಗಿದ್ದಿತು. ವಜ್ರಕ್ಕೆ ನಾಲ್ಕು ಬಗೆಯ ರಚನೆಗಳಿವೆ, ದೀಪ್ತಿಯು ವಜ್ರದ ಸಹಜ ರಚನೆಗೆ ಸಂಬಂಧಿಸಿದುದು, ಕಲ್ಮಷದಿಂದ ಬಂದುದಲ್ಲ ಎಂದು ಅವರು ದೃಢವಾಗಿ ವಾದಿಸಿದರು. 1959ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಕೈಸರ್ ಮತ್ತು ಬಾಂಡ್ ಎಂಬವರು ಹೆಚ್ಚಿನ ವಜ್ರಗಳಲ್ಲಿ ಸಾರಜನಕವಿರುವುದನ್ನು ಕಂಡುಹಿಡಿದ ಮೇಲೆ ಆ ವಾದ ನಿಲ್ಲಲಿಲ್ಲ. ಆದರೆ ಇದರಿಂದ ಆ ಮಹಾನುಭಾವರ ಹಿರಿಮೆಗೆ ಕುಂದು ಬಾರದು. ವಿವರಣೆ ಬಿದ್ದುಹೋಯಿತು, ಅಳತೆ ಉಳಿಯಿತು. ಪ್ರಾಮಾಣಿಕವಾಗಿ ಅಳೆದವನ ಕೆಲಸ, ಅವನ ಅಭಿಪ್ರಾಯ ತಪ್ಪಾದಾಗಲೂ ವ್ಯರ್ಥವಾಗದು. 1965ರಲ್ಲಿ ದಕ್ಷಿಣ ಆಫ್ರಿಕದ ಡು ಪ್ರೀಜ್ ಎಂಬ ಸಂಶೋಧಕರು ಸಾರಜನಕವೂ ತೆರವೂ ಕೂಡಿದ ಕೇಂದ್ರವನ್ನು ಸೂಚಿಸಿದರು. 1976ರಲ್ಲಿ ಲಂಡನ್ನಿನ ಡೇವಿಸ್ ಮತ್ತು ಹೇಮರ್ ಅದರ ಬೆಳಕಿನ ಸ್ವರೂಪವನ್ನು ಕೂಲಂಕಷವಾಗಿ ಪರಿಶೀಲಿಸಿದರು. 1997ರಲ್ಲಿ ಜರ್ಮನಿಯ ಕೆಮ್ನಿಟ್ಸ್ ನಗರದ ತಂಡವೊಂದು ಒಂಟಿ ದೋಷವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಅದರ ಸ್ಪಿನ್ನನ್ನು ಓದಿತು. ಅಲ್ಲಿಯವರೆಗೆ ಈ ವಿಷಯವನ್ನು ಅಭ್ಯಸಿಸಿದವರಾರೂ ಕ್ವಾಂಟಮ್ ತಂತ್ರಜ್ಞಾನಕ್ಕಾಗಿ ದುಡಿದವರಲ್ಲ. ಕಲ್ಲು ಏಕೆ ಹೊಳೆಯುತ್ತದೆಂಬ ಕುತೂಹಲವೊಂದೇ ಅವರ ಬಂಡವಾಳ.

ಅನ್ನಾ ಮಣಿಯವರ ವಿಷಯವನ್ನು ಇಲ್ಲಿಗೇ ಬಿಡುವಂತಿಲ್ಲ. ಅವರು ಒಬ್ಬರೇ ಬರೆದ ಐದು ಪ್ರಬಂಧಗಳು ಪ್ರಕಟವಾಗಿದ್ದವು. 1945ರಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯಕ್ಕೆ ಡಾಕ್ಟರೇಟ್ ಪದವಿಗಾಗಿ ಮಹಾಪ್ರಬಂಧವನ್ನು ಸಲ್ಲಿಸಿದರು. ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣದಿಂದ ಡಾಕ್ಟರೇಟ್ ಅವರಿಗೆ ದೊರೆಯಲಿಲ್ಲ. ವಜ್ರದ ದೋಷಗಳನ್ನು ಅಷ್ಟು ತಾಳ್ಮೆಯಿಂದ ಓದಿದವರ ಅರ್ಹತೆಯಲ್ಲಿಯೇ ದೋಷ ಕಾಣಿಸಿತು! ಅವರು ಇಂಗ್ಲೆಂಡಿಗೆ ತೆರಳಿ ಹವಾಮಾನ ಉಪಕರಣಗಳನ್ನು ಅಭ್ಯಸಿಸಿ, 1948ರಲ್ಲಿ ಹಿಂದಿರುಗಿ ಪುಣೆಯಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ನಮ್ಮ ದೇಶದ ಹವಾಮಾನ ಉಪಕರಣಗಳ ನಿರ್ಮಾಣಕ್ಕೆ ಭದ್ರವಾದ ತಳಹದಿ ಹಾಕಿದರು. 2001ರಲ್ಲಿ ನಿಧನರಾದರು. ನಿಯಮವನ್ನು ಪಾಲಿಸಿದ ಅಧಿಕಾರಿಗಳ ಮೇಲೆ ನನಗೆ ಕೋಪವಿಲ್ಲ. ಅಳೆಯುವ ಕೋಲು ಒಂದೇ ಇದ್ದಾಗ ಎಂತಹ ನಷ್ಟವಾಗಬಹುದೆಂಬುದನ್ನು ತೋರಿಸಲು ಮಾತ್ರ ಇದನ್ನು ಹೇಳಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ತೆರವು, ಶೂನ್ಯ ಎಂಬ ಪದಗಳನ್ನು ಕೇಳಿದೊಡನೆ ನಮ್ಮ ಶರಣರು ಹೇಳಿದ ಶೂನ್ಯವೂ ಬಯಲೂ ಇದೇ ಎಂದು ಬರೆದುಬಿಡುವ ಉತ್ಸಾಹ ನಮ್ಮಲ್ಲಿ ಅನೇಕರಿಗೆ ಬರುತ್ತದೆ. ಅದು ಶರಣರಿಗೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ಅಲ್ಲಮಪ್ರಭುವಿನ ಶೂನ್ಯ ಅನುಭಾವದ ಮಾತು. ವಜ್ರದ ತೆರವು ಒಂದು ಪರಮಾಣುವಿನ ಗೈರುಹಾಜರಿ. ಒಂದನ್ನು ತೋರಿಸಿ ಇನ್ನೊಂದನ್ನು ಮೆರೆಸುವ ಅಗತ್ಯ ಎರಡಕ್ಕೂ ಇಲ್ಲ. ಶರಣರಿಂದ ನಾವು ಪಡೆಯಬೇಕಾದುದು ಕಾಯಕದ ನಿಷ್ಠೆಯನ್ನು. ಇಪ್ಪತ್ತು ಗಂಟೆ ಕತ್ತಲೆಯ ಕೋಣೆಯಲ್ಲಿ ಒಂದು ರೇಖೆಗಾಗಿ ಕಾದವರ ಕೆಲಸದಲ್ಲಿ ಅಂತಹ ನಿಷ್ಠೆಯನ್ನು ನಾನು ಕಾಣುತ್ತೇನೆ.

ಇನ್ನು ಪಾಠದ ವಿಷಯ. ದೋಷವೇ ಗುಣ, ಆದುದರಿಂದ ಯಾರನ್ನೂ ತಿದ್ದಬೇಕಾಗಿಲ್ಲ ಎಂದು ಕೆಲವರು ಇದರಿಂದ ಅರ್ಥ ತೆಗೆಯಬಹುದು. ಅದು ಸರಿಯಲ್ಲ. ವಜ್ರದಲ್ಲಿ ದೋಷಗಳು ಹೆಚ್ಚಿದರೆ ಪ್ರಯೋಜನ ಹೆಚ್ಚದು. ಒಂದರ ಗದ್ದಲದಲ್ಲಿ ಇನ್ನೊಂದು ಕೆಡುತ್ತದೆ. ಬಿಡಿ ಸಾರಜನಕ ಮಿತಿಮೀರಿದರೆ ಎನ್.ವಿ. ಕೇಂದ್ರದ ಕ್ವಾಂಟಮ್ ಸ್ಥಿತಿ ಬಹುಬೇಗ ಕದಡಿಹೋಗುತ್ತದೆ. 2009ರಲ್ಲಿ ಸಂಶೋಧಕರು ಕಾಂತಗುಣವಿಲ್ಲದ ಇಂಗಾಲವನ್ನು ಶೇಕಡಾ 99.7ಕ್ಕೆ ಏರಿಸಿ ಬೆಳೆಸಿದ ವಜ್ರದಲ್ಲಿ, ಕೋಣೆಯ ಉಷ್ಣತೆಯಲ್ಲಿಯೇ, ಆ ಸ್ಥಿತಿ 1.8 ಮಿಲಿಸೆಕೆಂಡುಗಳ ಕಾಲ ಉಳಿಯಿತು. ಇದು ನಮಗೆ ಅತ್ಯಲ್ಪವೆನಿಸಿದರೂ, ಆ ವ್ಯವಹಾರದಲ್ಲಿ ಅದು ದೀರ್ಘಾಯುಷ್ಯ. ದೋಷ ಅದೇ ದೋಷ. ಬದಲಾದುದು ಅದರ ಸುತ್ತಣ ಆವರಣ. ದೋಷ ಬೆಳಗಬೇಕಾದರೆ ಸುತ್ತಲಿನ ಜಾಲಕವು ಶುದ್ಧವಾಗಿಯೂ ದೃಢವಾಗಿಯೂ ನಿಶ್ಶಬ್ದವಾಗಿಯೂ ಇರಬೇಕು. ಶಾಲೆಯ ಧರ್ಮವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉಪಮಾನ ನನಗೆ ತಿಳಿಯದು. ಶಾಲೆ ಜಾಲಕವಾಗಬೇಕು. ಸಾಲಿಗೆ ಹೊಂದದ ಮಗುವನ್ನು ಹೊರಗೆಸೆದ ಶಾಲೆ ನಿರ್ದೋಷಿಯಾದ ಕಲ್ಲಿನಂತೆ ಹೊಳೆಯಬಹುದು, ಉಪಯೋಗಕ್ಕೆ ಬಾರದು. ಶಿಸ್ತನ್ನು ಬಿಟ್ಟ ಶಾಲೆಯಲ್ಲಿ ಆ ಮಗುವಿಗೆ ಬೆಳಗಲು ನೆಲೆಯೇ ದೊರೆಯದು.

ಈ ಮಾತನ್ನು ಬರೆಯುವ ಹಕ್ಕು ನನಗೆ ಪೂರ್ಣವಾಗಿ ಇಲ್ಲ. ಹಲವು ವರ್ಷ ವಿಜ್ಞಾನವನ್ನು ಬೋಧಿಸಿದ ನಾನೇ ಒಮ್ಮೆ ಒಂಬತ್ತನೆಯ ತರಗತಿಯ ಬಾಲಕನೊಬ್ಬನ ತಂದೆಯನ್ನು ಕರೆಸಿ, "ನಿಮ್ಮ ಹುಡುಗನನ್ನು ಬೇರೆ ಕಡೆ ಸೇರಿಸುವುದು ಒಳ್ಳೆಯದು, ಹತ್ತನೆಯ ತರಗತಿಗೆ ಬಂದರೆ ನಮ್ಮ ಫಲಿತಾಂಶ ಕೆಡುತ್ತದೆ" ಎಂದು ಹೇಳಿದ್ದೇನೆ. ಆ ಬಾಲಕ ಲೆಕ್ಕದಲ್ಲಿಯೂ ಭಾಷೆಯಲ್ಲಿಯೂ ಹಿಂದೆ. ಆದರೆ ಪ್ರಯೋಗಶಾಲೆಯಲ್ಲಿ ಎರಡು ವರ್ಷ ಕೆಟ್ಟುಬಿದ್ದಿದ್ದ ತಕ್ಕಡಿಯನ್ನು ಯಾರೂ ಹೇಳದೆ ಬಿಚ್ಚಿ ಸರಿಪಡಿಸಿದವನೂ ಅವನೇ. ಆ ರೈತ ತಂದೆ, "ತಾವು ಹೇಳಿದ ಹಾಗೆ ಆಗಲಿ, ಸ್ವಾಮಿ" ಎಂದು ಕೈಮುಗಿದು, ಮಗನನ್ನು ಕರೆದುಕೊಂಡು ಹೋದರು. ಆ ವರ್ಷ ನಮ್ಮ ಫಲಿತಾಂಶ ನೂರಕ್ಕೆ ನೂರು ಬಂದಿತು; ನನಗೆ ಶಾಲು ಹೊದಿಸಿದರು. ಬಾಲಕ ಮುಂದೆ ಏನಾದನೋ ನಾನು ವಿಚಾರಿಸಲೇ ಇಲ್ಲ. ಈ ಸಂಗತಿ ಇಂದಿಗೂ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ. ನೂರಕ್ಕೆ ನೂರರ ಆಸೆಯಿಂದ ಇಂದೂ ಹಲವು ಶಾಲೆಗಳಲ್ಲಿ ಇಂತಹ ಮಾತು ನಡೆಯುತ್ತಿರುವುದನ್ನು ಬಲ್ಲೆ. ಶ್ರೀಮಠದ ದಾಸೋಹದಲ್ಲಿ ಪಂಕ್ತಿಗೆ ಕುಳಿತವನ ಯೋಗ್ಯತೆಯನ್ನು ಯಾರೂ ಕೇಳುವುದಿಲ್ಲ. ಪ್ರಸಾದನಿಲಯದಲ್ಲಿ ಕೇಳದ ಪ್ರಶ್ನೆಯನ್ನು ತರಗತಿಯ ಬಾಗಿಲಲ್ಲಿ ಕೇಳುವುದು ಯಾವ ನ್ಯಾಯ?

ಆದುದರಿಂದ ನನ್ನ ಸೂಚನೆಗಳು ಮೂರು. ಫಲಿತಾಂಶದ ಶೇಕಡಾವಾರು ಪ್ರಮಾಣಕ್ಕಾಗಿ ಯಾವ ವಿದ್ಯಾರ್ಥಿಯನ್ನೂ ಒಂಬತ್ತನೆಯ ತರಗತಿಯಿಂದ ಹೊರಗೆ ಕಳುಹಿಸುವುದಿಲ್ಲವೆಂದು ನಮ್ಮ ಶಾಲೆ ಬಹಿರಂಗವಾಗಿ ನಿರ್ಣಯಿಸಲಿ. ಅದರಿಂದ ಫಲಿತಾಂಶ ಇಳಿದರೆ ಇಳಿಯಲಿ. ಎರಡನೆಯದಾಗಿ, ಹಿಂದೆ ಬಿದ್ದವರಿಗೆ ಸಂಜೆಯ ವೇಳೆ ಪಾಠ ಹೇಳುವ ಹೊಣೆಯನ್ನು ಹಳೆಯ ವಿದ್ಯಾರ್ಥಿಗಳು ಸರದಿಯಂತೆ ಹೊರಲಿ. ಮೂರನೆಯದು ದಾನಿಗಳಲ್ಲಿ ಬಿನ್ನಹ. ತಾವು ಕಟ್ಟಿಸಿಕೊಟ್ಟ ಮಹಾದ್ವಾರಗಳಿಗೂ ಸಭಾಮಂಟಪಗಳಿಗೂ ನಾವು ಕೃತಜ್ಞರು. ಇನ್ನು ಮುಂದಿನ ದಾನದಲ್ಲಿ ಒಂದು ಪಾಲು ಪ್ರಯೋಗಶಾಲೆಗೂ, ಅದನ್ನು ನಡೆಸಬಲ್ಲ ಅಧ್ಯಾಪಕರೊಬ್ಬರ ವೇತನಕ್ಕೂ ಸಲ್ಲಲಿ. ಅಂತಹ ದಾನ ಹೊರಗೆ ಕಾಣದು. ಅದರ ಮೇಲೆ ಹೆಸರು ಕೆತ್ತಿಸಲು ಕಲ್ಲೂ ದೊರೆಯದು. ವಜ್ರದ ದೀಪ್ತಿಯನ್ನು ಕುರಿತ ದುಡಿಮೆಗೆ ಹಣ ಒದಗಿಸಿದವರಿಗೂ ಅದರ ಫಲವನ್ನು ಕಾಣುವ ಭಾಗ್ಯವಿರಲಿಲ್ಲ.

ಭಾರತ ಸರ್ಕಾರವು 2023ರ ಏಪ್ರಿಲಿನಲ್ಲಿ ರಾಷ್ಟ್ರೀಯ ಕ್ವಾಂಟಮ್ ಅಭಿಯಾನಕ್ಕೆ ಸಮ್ಮತಿ ನೀಡಿ, 2030-31ರವರೆಗಿನ ಅವಧಿಗೆ 6003.65 ಕೋಟಿ ರೂಪಾಯಿಗಳನ್ನು ನಿಗದಿ ಮಾಡಿದೆ. ಅದರ ನಾಲ್ಕು ಕೇಂದ್ರಗಳ ಪೈಕಿ ಗಣನೆಗೆ ಸಂಬಂಧಿಸಿದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, ಅಳತೆಗೆ ಸಂಬಂಧಿಸಿದುದು ಮುಂಬಯಿಯ ಐ.ಐ.ಟಿ.ಯಲ್ಲಿಯೂ ನೆಲೆಗೊಂಡಿವೆ. ಹಣವೂ ಕಟ್ಟಡವೂ ಬರುತ್ತಿವೆ. ಅಲ್ಲಿ ದುಡಿಯಬೇಕಾದ ಕೈಗಳು ಮಾತ್ರ ನಮ್ಮಂತಹ ಊರುಗಳ ಶಾಲೆಗಳಿಂದಲೇ ಹೋಗಬೇಕು. ಆ ಕೈಗಳಲ್ಲಿ ಕೆಲವು, ಲೆಕ್ಕದಲ್ಲಿ ಮೂವತ್ತೈದು ಅಂಕ ದಾಟದಿದ್ದರೂ ಕೆಟ್ಟ ತಕ್ಕಡಿಯನ್ನು ಕಂಡರೆ ಸುಮ್ಮನಿರಲಾರದ ಕೈಗಳಾಗಿರಬಹುದು. ಅಂತಹ ಮಗು ಈ ವರ್ಷವೂ ನಮ್ಮ ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರಬಹುದು. ಅದನ್ನು ಉಳಿಸಿಕೊಳ್ಳುವ ಬುದ್ಧಿಯೂ ಧೈರ್ಯವೂ ನಮಗೆ ಬರಲೆಂದು ಪ್ರಾರ್ಥಿಸಿ, ಈ ಲೇಖನವನ್ನು ಮುಗಿಸುತ್ತೇನೆ.